ಹೂವಿಲ್ಲದ ಮರದ ತೊಟ್ಟಿಲು

ಹಬ್ಬದ ಶೀರ್‌ಖುರ್ಮಾಕ್ಕೆಂದು ಒಣಹಣ್ಣಿನ ಅಂಗಡಿಗೆ ಹೋದಾಗ ಬಾದಾಮಿ, ಪಿಸ್ತಾದ ಪಕ್ಕದಲ್ಲಿ ಉದ್ದನೆಯ ಕಂದು ಬೀಜವೊಂದನ್ನು ನೀವು ನೋಡಿರಬಹುದು. ಬೆಲೆ ಕೇಳಿ ಸುಮ್ಮನಾಗಿರಲೂಬಹುದು. ಅದು ಚಿಲ್ಗೋಜಾ. ಹಿಮಾಚಲದ ಕಿನ್ನೌರ್, ಪಾಕಿಸ್ತಾನ, ಅಫ್ಘಾನಿಸ್ತಾನದ ಬೆಟ್ಟಗಳಲ್ಲಿ ಬೆಳೆಯುವ ಪೈನ್ ಮರದ ಬೀಜ. ಈ ಮರಕ್ಕೆ ಹೂವೂ ಇಲ್ಲ, ಹಣ್ಣೂ ಇಲ್ಲ. ಗಟ್ಟಿ ಎಸಳುಗಳು ಒಂದರ ಮೇಲೊಂದು ಹೊದ್ದುಕೊಂಡ ಶಂಕುವಿನಾಕಾರದ ಕಾಯಿಯೇ ಬೀಜದ ತೊಟ್ಟಿಲು. ಬಲಿತು ಒಣಗಿದ ಮೇಲಷ್ಟೇ ಎಸಳು ಬಿಚ್ಚಿ ಬೀಜ ಹೊರಬರುತ್ತದೆ.

ಈ ತೊಟ್ಟಿಲು ಎಷ್ಟು ಹಳೆಯದು? ಆಳಂದ, ಅಫಜಲಪುರ, ಜೇವರ್ಗಿಯ ಸೋದರಿಯರು ತಮ್ಮ ಕಾಲ ಕೆಳಗೆ ನೋಡಿದರೆ ಅಂದಾಜು ಸಿಗುತ್ತದೆ. ಮನೆಗೆ ಹಾಸಿದ ಶಹಾಬಾದ ಕಲ್ಲು ಸಮುದ್ರದಡಿ ಕೂಡಿಕೊಂಡದ್ದು. 50 ಕೋಟಿ ವರ್ಷಕ್ಕೂ ಹಳೆಯದು. ಆಗ ನೆಲದ ಮೇಲೆ ಮರಗಳೇ ಇರಲಿಲ್ಲ. ತೊಗರಿ ಬೆಳೆಯುವ ಕಪ್ಪು ಮಣ್ಣು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಕಲ್ಲು ಸವೆದು ಆದದ್ದು. ಶಂಕು ಬಿಡುವ ಮರಗಳು ಹುಟ್ಟಿದ್ದು ಇವೆರಡರ ನಡುವೆ, ಸುಮಾರು 31 ಕೋಟಿ ವರ್ಷಗಳ ಹಿಂದೆ.

ಮೊದಮೊದಲು ಶಂಕು ಹೀಗಿರಲಿಲ್ಲ. ಈಗಿನ ಒಂದೊಂದು ಬೀಜದೆಸಳಿನ ಜಾಗದಲ್ಲಿ ಎಲೆಗಳಿದ್ದ ಪುಟ್ಟ ಟೊಂಗೆಯಿತ್ತು. ಅದು ಕುಗ್ಗಿ, ಚಪ್ಪಟೆಯಾಗಿ, ಕೂಡಿಕೊಂಡು ಒಂದೇ ಎಸಳಾಯಿತು. ಸ್ವೀಡನ್ನಿನ ವಿಜ್ಞಾನಿ ರುಡಾಲ್ಫ್ ಫ್ಲೋರಿನ್ 1938ರಿಂದ 1945ರವರೆಗೆ ಪ್ರಕಟಿಸಿದ ಬರಹಗಳಲ್ಲಿ ಪಳೆಯುಳಿಕೆಗಳಿಂದಲೇ ಇದನ್ನು ತೋರಿಸಿಕೊಟ್ಟರು. ಅರ್ಜೆಂಟೀನಾದಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತು ಕಲ್ಲಾದ ಸುಮಾರು 16 ಕೋಟಿ ವರ್ಷ ಹಳೆಯ ಶಂಕುಗಳನ್ನು ಕೊಯ್ದು ನೋಡಿದಾಗ, ಕೆಲವು ಬೀಜಗಳೊಳಗೆ ಮೊಳಕೆಯಾಗಬೇಕಿದ್ದ ಎಳೆಯ ಭ್ರೂಣವೂ ಹಾಗೆಯೇ ಉಳಿದಿತ್ತು!

ನಮ್ಮ ದಖ್ಖನ್ನಿನಲ್ಲೂ ಶಂಕುಗಳು ಸಿಕ್ಕಿವೆ. ಒಂದು ಲಾವಾ ಹರಿವಿಗೂ ಇನ್ನೊಂದಕ್ಕೂ ನಡುವಿನ ಕಾಲದಲ್ಲಿ ಕೆರೆಗಳಾಗಿದ್ದವು; ಅವುಗಳ ಕೆಸರು ಕಲ್ಲಾಗಿ, ಒಳಗೆ ಬಿದ್ದದ್ದನ್ನೆಲ್ಲ ಕಾಪಾಡಿತು. ನಾಗಪುರದ ಕಡೆ ಅಂಥ ಕಲ್ಲುಗಳಲ್ಲಿ ದೊರೆತ ಶಂಕುಗಳನ್ನು ಬೀರಬಲ್ ಸಾಹನಿ 1931ರಲ್ಲಿ ವಿವರಿಸಿದರು. ಅಂಥದೇ ಪದರ ನಿಮಗೆ ದೂರವಲ್ಲದ ಗುರುಮಠಕಲ್ ಬಳಿಯೂ ಇದೆ. ಬಾವಿ ತೋಡುವಾಗ ಎಲೆ, ಕಾಯಿ, ಶಂಖದ ಗುರುತಿರುವ ಕಲ್ಲು ಕಂಡರೆ ಒಡೆಯಬೇಡಿ. ಸಿಕ್ಕ ಜಾಗ ಬರೆದಿಟ್ಟು ಕಾಲೇಜಿನ ಭೂವಿಜ್ಞಾನ ಬಲ್ಲವರಿಗೆ ತೋರಿಸಿ.

ಇಷ್ಟೆಲ್ಲ ದಾಟಿ ಬಂದ ತೊಟ್ಟಿಲಿಗೆ ಇಂದು ಬೇರೊಂದು ಕಷ್ಟ ಬಂದಿದೆ. ಚಿಲ್ಗೋಜಾಕ್ಕೆ ಒಳ್ಳೆಯ ಬೆಲೆಯಿರುವುದರಿಂದ ಕಿನ್ನೌರ್‌ನಲ್ಲಿ ಎಸಳು ಬಿಚ್ಚುವ ಮೊದಲೇ ಶಂಕುಗಳನ್ನು ಕೊಯ್ಯುತ್ತಾರೆ, ಕೆಲವೊಮ್ಮೆ ಟೊಂಗೆ ಸಮೇತ. ನೆಲಕ್ಕೆ ಬೀಳುವ ಬೀಜ ಕಡಿಮೆಯಾಗಿ, ಹೊಸ ಸಸಿಗಳೂ ವಿರಳವಾಗಿವೆ. ಅಲ್ಲಿನ ಕುಟುಂಬಗಳಿಗೆ ಅದು ಅನ್ನ, ಕೊಯ್ಯಬೇಡಿ ಎನ್ನುವಂತಿಲ್ಲ. ಆದರೆ ಮರಕ್ಕೆ ನಾಲ್ಕು ಶಂಕುಗಳನ್ನಾದರೂ ಬಿಟ್ಟರೆ ಕಾಡು ಉಳಿಯುತ್ತದೆ. ಬಿತ್ತನೆಗೆಂದು ಕಾಳು ಎತ್ತಿಟ್ಟೇ ಉಣ್ಣುವ ರೈತರ ಮನೆಯ ಹೆಂಗಸರಿಗೆ ಇದನ್ನು ಹೇಳಿಕೊಡಬೇಕಿಲ್ಲ.