ಅಕ್ಷರ ಆರು, ಲೆಕ್ಕ ಹನ್ನೆರಡು

ಕೋಡ್ ಫಾರ್ಮ್ಯಾಟರ್ ಬಂದಮೇಲೆ ಟೀಮುಗಳಲ್ಲಿ ಜಗಳ ನಿಂತಿತು ಅಂತಾರೆ. ನಿಜ, ಒಪ್ಪಿದೆ. ಆದರೆ ಜಗಳ ನಿಲ್ಲಿಸಿದ ಪಂಚಾಯ್ತಿಯ ತೀರ್ಪೆಲ್ಲ ನ್ಯಾಯವೇ ಆಗಿರಬೇಕು ಅಂತೇನಿಲ್ಲವಲ್ಲ! ಕಮೆಂಟಿನ ವಿಷಯದಲ್ಲಂತೂ ಆಗಿಲ್ಲ.

ಒಂದೊಂದು ಭಾಷೆಗೂ ಒಂದೊಂದು ಪದ್ಧತಿ. ಪೈಥಾನಿನಲ್ಲಿ ಕೋಡಿಗೂ ಸಾಲಿನ ಕೊನೆಯ ಕಮೆಂಟಿಗೂ ನಡುವೆ ಬ್ಲ್ಯಾಕ್ ಎರಡು ಸ್ಪೇಸ್ ಇಡುತ್ತೆ. ಹ್ಯಾಶ್ ಆದಮೇಲೆ ಸ್ಪೇಸ್ ಬಿಟ್ಟಿಲ್ಲ ಅಂದರೆ ತಾನೇ ಸೇರಿಸುತ್ತೆ. ಸಿ++ನ ಕ್ಲ್ಯಾಂಗ್-ಫಾರ್ಮ್ಯಾಟಿನಲ್ಲಿ ಎಲ್‌ಎಲ್‌ವಿಎಂ ಶೈಲಿಗೆ ಒಂದು ಸ್ಪೇಸ್, ಗೂಗಲ್ ಶೈಲಿಗೆ ಎರಡು. ಗೋ ಭಾಷೆಯ 'ಗೋ:ಜನರೇಟ್' ಸಾಲಿಗೆ ಮುಂದೊಂದು ಸ್ಪೇಸ್ ಬಿದ್ದರೆ ಯಂತ್ರಕ್ಕೆ ಕೊಟ್ಟ ಆದೇಶ ಹೋಗಿ ಬರೀ ಮಾತಾಗಿಬಿಡುತ್ತೆ. ಹಾಗಾಗಿ ಗೋಫಮ್ಟ್ ಅದನ್ನು ಮುಟ್ಟಲ್ಲ. ಇಲ್ಲಿವರೆಗೆ ನನ್ನ ತಕರಾರಿಲ್ಲ. ಅವರವರ ಮನೆ ರಂಗೋಲಿ ಅವರವರಿಗೆ.

ತಕರಾರಿರೋದು ಸಾಲು ಹೊಂದಿಸೋದರ ಬಗ್ಗೆ. ಒಂದರ ಕೆಳಗೊಂದು ಬರುವ ಕಮೆಂಟುಗಳನ್ನು ಗೋಫಮ್ಟ್ ಒಂದೇ ನೇರಕ್ಕೆ ತರುತ್ತೆ. ಚಿತ್ರದುರ್ಗ ತಾಲ್ಲೂಕಿನ ಹೋಬಳಿಗಳ ಪಟ್ಟಿ ಬರೆದು ನೋಡಿ. ಹಿರೇಗುಂಟನೂರು, ಭರಮಸಾಗರ. ಬೆರಳಲ್ಲಿ ಎಣಿಸಿದರೆ ಎರಡಕ್ಕೂ ಆರೇ ಅಕ್ಷರ. ಗೋಫಮ್ಟ್ ಲೆಕ್ಕದಲ್ಲಿ ಮೊದಲನೆಯದು 12, ಎರಡನೆಯದು 7! ಗುಡಿಸು, ಕೊಂಬು, ಸೊನ್ನೆ, ಒಂದೊಂದಕ್ಕೂ ಪೂರ್ತಿ ಅಕ್ಷರದಷ್ಟೇ ಅಗಲ ಅಂತ ಅದರ ನಂಬಿಕೆ. ಆಮೇಲೆ ಭರಮಸಾಗರದ ಮುಂದೆ ಐದು ಸ್ಪೇಸ್ ಹೆಚ್ಚಿಗೆ ತುರುಕಿ, ನೇರ ಮಾಡಿದೆ ಅಂತ ಬೀಗುತ್ತೆ. ಪರದೆಯ ಮೇಲೆ ಸಾಲು ಸೊಟ್ಟ. ಇದು ಗುಟ್ಟೇನಲ್ಲ, ಅದು ಬಳಸುವ ಟ್ಯಾಬ್‌ರೈಟರಿನ ದಸ್ತಾವೇಜಿನಲ್ಲೇ ಈ ಮಿತಿ ಬರೆದಿದೆ.

'ಕನ್ನಡ ನೀಟಾಗಿ ಕಾಣ್ತಿಲ್ಲ, ಇಂಗ್ಲಿಷಿಗೆ ಬದಲಾಯಿಸಿ' ಅಂತ ರಿವ್ಯೂನಲ್ಲಿ ನನಗೆ ಹೇಳಿದವರಿದ್ದಾರೆ. ಲೆಕ್ಕ ತಪ್ಪಿದ್ದು ಟೂಲು, ದಂಡ ಕನ್ನಡಕ್ಕಾ? ಪಹಣಿಯ 'ಬಿ ಖರಾಬು'ವನ್ನು ಇಂಗ್ಲಿಷಿನಲ್ಲಿ 'ವೇಸ್ಟ್ ಲ್ಯಾಂಡ್' ಅಂತ ಬರೆದಿಟ್ಟರೆ, ಮುಂದೆ ಆ ಕೋಡ್ ಓದುವ ಹೊಸ ಹುಡುಗಿ ಅದನ್ನು ಕೆಲಸಕ್ಕೆ ಬಾರದ ಜಮೀನು ಅಂದುಕೊಳ್ತಾಳೆ. ಆದರೆ ಅದು ರಸ್ತೆ, ಹಳ್ಳದಂಥ ಸಾರ್ವಜನಿಕ ಜಾಗ. ಕಮೆಂಟ್ ಇರೋದೇ ಇಂಥ ತಪ್ಪು ಆಗದಿರಲಿ ಅಂತ. ಅಂದ ಮುಖ್ಯವೋ, ಅರ್ಥ ಮುಖ್ಯವೋ?

ಹೋಗಲಿ, ಇಂಗ್ಲಿಷಿನಲ್ಲಾದರೂ ಈ ನೇರ ಮಾಡುವ ಚಟದಿಂದ ಲಾಭವೇನು? ಉದ್ದದ ಹೆಸರೊಂದನ್ನು ಸೇರಿಸಿದರೆ ಅಕ್ಕಪಕ್ಕದ ಹತ್ತು ಸಾಲು ಕದಲುತ್ತವೆ. ಬದಲಾದದ್ದು ಒಂದು, ಡಿಫ್‌ನಲ್ಲಿ ಕಾಣೋದು ಹನ್ನೊಂದು. ನೀವು ಬರೆಯದ ಸಾಲಿಗೂ ಗಿಟ್ ಬ್ಲೇಮ್‌ನಲ್ಲಿ ನಿಮ್ಮದೇ ಹೆಸರು!

ಫಾರ್ಮ್ಯಾಟರ್ ಕಿತ್ತುಹಾಕಿ ಅಂತ ನಾನು ಹೇಳ್ತಿಲ್ಲ. ಕಮೆಂಟನ್ನು ಸಾಲಿನ ಕೊನೆಯಿಂದ ಎತ್ತಿ ಮೇಲಿನ ಸಾಲಿಗೆ ಹಾಕಿ. ನೇರದ ಗೊಡವೆಯೇ ಇರಲ್ಲ. ಟೂಲು ಕಟ್ಟುವವರು ಒಂದೋ ಅಕ್ಷರ ಎಣಿಸೋದು ಕಲಿಯಲಿ, ಇಲ್ಲವೋ ಕಮೆಂಟಿನ ಸಾಲು ಹೊಂದಿಸೋದನ್ನೇ ಬಿಡಲಿ. ಕೋಡ್ ಯಂತ್ರಕ್ಕೆ, ಅದರ ಅಚ್ಚುಕಟ್ಟನ್ನು ಯಂತ್ರವೇ ನೋಡಿಕೊಳ್ಳಲಿ. ಕಮೆಂಟ್ ಮನುಷ್ಯರಿಗೆ. ಅದನ್ನು ನಮಗೆ ಬಿಡಿ.