ಬೀಜಕ್ಕೆ ನೆರೆಮನೆ ಬೇಕು

ಮೊಗೆಕಾಯಿ ಬಳ್ಳಿಯ ಪಕ್ಕದಲ್ಲೇ ಇಬ್ಬುಡ್ಲು ಹಣ್ಣಿನ ಬಳ್ಳಿಯೂ ಹಬ್ಬಿದ್ದರೆ ಆ ವರ್ಷ ಯಾವ ತೊಂದರೆಯೂ ಇಲ್ಲ. ಮೊಗೆಕಾಯಿ ಹುಳಿಗಾಗುತ್ತದೆ, ಇಬ್ಬುಡ್ಲು ಬೆಲ್ಲ ಬೆರೆಸಿ ತಿನ್ನಲಿಕ್ಕಾಗುತ್ತದೆ. ತೊಂದರೆ ಶುರುವಾಗುವುದು ಆ ಕಾಯಿಗಳ ಬೀಜ ತೆಗೆದಿಟ್ಟು ಮುಂದಿನ ಮಳೆಗಾಲದಲ್ಲಿ ಊರಿದಾಗ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಎರಡೂ ಒಂದೇ ಜಾತಿ. ಜೇನುನೊಣ ಈ ಹೂವಿನಿಂದ ಆ ಹೂವಿಗೆ ಹಾರಿ ಪರಾಗ ಬೆರೆಸಿರುತ್ತದೆ. ಆ ಬೀಜದಿಂದ ಬಂದ ಕಾಯಿ ಹುಳಿಗೂ ಹೊಂದದು, ಹಣ್ಣಾಗಿಯೂ ಒದಗದು. ಬೀಜ ಕೆಟ್ಟಿತೆಂದು ಮನೆಯವರು ಅದನ್ನು ಕೈಬಿಡುತ್ತಾರೆ, ಪೇಟೆಯಿಂದ ಹೈಬ್ರಿಡ್ ಪ್ಯಾಕೆಟ್ ತರುತ್ತಾರೆ. ಹೈಬ್ರಿಡ್ ಕಾಯಿಯ ಬೀಜ ತಾಯಿಯ ಗುಣವನ್ನು ಹಾಗೇ ಹೊತ್ತು ಹುಟ್ಟುವುದಿಲ್ಲ. ಹಾಗಾಗಿ ಅಲ್ಲಿಂದ ಮುಂದೆ ಪ್ರತಿ ವರ್ಷವೂ ಅಂಗಡಿಯೇ ಗತಿ.

ಒಂದು ಮನೆಯ ಹಿತ್ತಲಿನಲ್ಲಿ ಇದಕ್ಕೆ ಪರಿಹಾರ ಕಷ್ಟ. ಇಡೀ ಊರಿನಲ್ಲಿ ಸುಲಭವಾಗಿದೆ. ಕೆಳಗಿನ ಕೇರಿಯವರು ಮೊಗೆಕಾಯಿಯ ಬೀಜ ಕಾಯಲಿ, ಗದ್ದೆಯಾಚೆಯ ಮನೆಯವರು ಇಬ್ಬುಡ್ಲಿನದು. ಕೊನೆಗೆ ಇಬ್ಬರೂ ಹಂಚಿಕೊಳ್ಳಲಿ. ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳಲ್ಲಿ ಊರಿಗೊಂದು ಕೈತೋಟದ ಕೂಟ ಬೇಕು ಎನ್ನುವುದಕ್ಕೆ ಮೊದಲ ಕಾರಣ ಇದು. ಚೆಂದ, ಹವ್ಯಾಸ, ಹೊತ್ತು ಕಳೆಯುವುದು ಎಲ್ಲ ಆಮೇಲಿನ ಮಾತು. ಗಿಡ ಬೆಳೆಸಲು ಒಂದು ಮನೆ ಸಾಕು, ತಳಿ ಉಳಿಸಲು ಹತ್ತು ಮನೆ ಬೇಕು.

ಇದು ಬರೀ ಬಯಕೆಯಲ್ಲ. ಸೊರಬದಿಂದ ಬನವಾಸಿ ದಾಟಿದರೆ ಸಿಗುವ ಶಿರಸಿ ಸೀಮೆಯಲ್ಲಿ ಈ ಕೆಲಸ 2001ರಿಂದ ನಡೆದಿದೆ. ಸುನೀತಾ ರಾವ್ ಅವರ ಮುಂದಾಳ್ತನದಲ್ಲಿ ಶುರುವಾದ ‘ವನಸ್ತ್ರೀ’ ಹಳ್ಳಿಯ ಹೆಣ್ಣುಮಕ್ಕಳು ಹಿತ್ತಲಿನ ತರಕಾರಿ, ಗಡ್ಡೆ, ಹೂವಿನ ತಳಿಗಳನ್ನು ಕಾಯ್ದುಕೊಂಡು ಬಂದಿರುವ ಕೂಟ. ಅಲ್ಲಿ ದೊಡ್ಡ ಯಂತ್ರವಿಲ್ಲ, ಪ್ರಯೋಗಾಲಯವಿಲ್ಲ. ಬೆಂಡೆ, ಹೀರೆ, ಅಲಸಂದೆ, ಹರಿವೆಯ ಬೀಜಗಳನ್ನು ಮನೆಮನೆಯಲ್ಲಿ ಮಾಡಿ, ಒಣಗಿಸಿ, ಪೊಟ್ಟಣ ಕಟ್ಟುತ್ತಾರೆ. ಮಲೆನಾಡ ಮೇಳದಲ್ಲಿ ಅವನ್ನು ಹಂಚುತ್ತಾರೆ, ಮಾರುತ್ತಾರೆ. ಬೆಂಗಳೂರಿನ ಬಾಲ್ಕನಿಗಳವರೆಗೂ ಆ ಬೀಜ ಹೋಗಿ ಮೊಳೆತಿದೆ. 2017ನೇ ಸಾಲಿನ ನಾರಿ ಶಕ್ತಿ ಪುರಸ್ಕಾರ ಈ ಸಂಸ್ಥೆಗೆ ಸಂದಿತು. 2018ರ ಮಾರ್ಚ್ 8ರಂದು ರಾಷ್ಟ್ರಪತಿ ಭವನದಲ್ಲಿ ಅದನ್ನು ಪ್ರದಾನ ಮಾಡಲಾಯಿತು. ಅಡುಗೆಮನೆಯ ಹಿಂಬಾಗಿಲಿನಿಂದ ಹೊರಟ ಕೆಲಸ ದೆಹಲಿಯವರೆಗೆ ಹೋಯಿತೆಂಬುದು ಹೆಮ್ಮೆಯ ಸಂಗತಿ. ಅದಕ್ಕಿಂತ ದೊಡ್ಡದು, ಪ್ರಶಸ್ತಿ ಬರುವ ಹೊತ್ತಿಗೆ ಆ ಕೂಟ ಹದಿನಾರು ಮಳೆಗಾಲ ಕಂಡಿತ್ತು ಎಂಬುದು. ಹೊಸ ಕೂಟ ಕಟ್ಟುವವರು ನೋಡಬೇಕಾದದ್ದು ಆ ತಾಳ್ಮೆಯನ್ನು.

ಸೊರಬ, ಶಿಕಾರಿಪುರದವರು ಇದನ್ನು ಹೊಸದಾಗಿ ಕಲಿಯಬೇಕಾಗಿಯೂ ಇಲ್ಲ. ಸೀಗೆ ಹುಣ್ಣಿಮೆಯ ದಿನ, ಈ ಸೀಮೆಯ ಮಾತಿನಲ್ಲಿ ಭೂಮಿ ಹುಣ್ಣಿಮೆಯ ದಿನ, ಇಲ್ಲಿನ ರೈತರ ಮನೆಗಳಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಿದರೆ ಸಾಕು. ಬತ್ತ ಹೊಡೆಯೊಡೆದು ಹಾಲು ತುಂಬುವ ಕಾಲ ಅದು. ಭೂಮಿಯನ್ನು ಬಸುರಿ ಎಂದು ಭಾವಿಸಿ ಬಯಕೆಯ ಊಟ ಬಡಿಸುವ ಹಬ್ಬ. ದೀವರ ಸಮುದಾಯದ ಹೆಣ್ಣುಮಕ್ಕಳು ಎಷ್ಟೋ ದಿನ ಮೊದಲೇ ಬಿದಿರಿನ ಬುಟ್ಟಿಗೆ ಸಗಣಿ ಬಳಿದು, ಒಣಗಿದ ಮೇಲೆ ಕೆಮ್ಮಣ್ಣು ಹಚ್ಚಿ, ನೆನೆಸಿ ಅರೆದ ಅಕ್ಕಿಯ ಬಿಳುಪಿನಲ್ಲಿ ಚಿತ್ತಾರ ಬರೆಯಲು ಕೂರುತ್ತಾರೆ. ಕುಂಚವೆಂದರೆ ಪುಂಡಿ ನಾರು. ಗೆರೆ ಎಷ್ಟು ಸಣ್ಣದಿರಬೇಕೆಂದರೆ ಎರಡು ಗೆರೆಯ ನಡುವೆ ಕೆಂಪು ಕೂದಲೆಳೆಯಷ್ಟೇ ಉಳಿಯಬೇಕು. ಇದೇ ಭೂಮಣ್ಣಿ ಬುಟ್ಟಿ. ಹಬ್ಬದ ರಾತ್ರಿ ಒಲೆ ಆರುವುದಿಲ್ಲ. ಕಡುಬು ಬೇಯುತ್ತದೆ, ಜೊತೆಗೆ ಸಿಕ್ಕ ಸೊಪ್ಪುಗಳನ್ನೆಲ್ಲ ಹಾಕಿ ಹಚ್ಚಂಬಲಿ ಮಾಡುತ್ತಾರೆ. ಹರಿವೆ, ಬಸಳೆ, ಕೆಸು, ಕುಂಬಳದ ಕುಡಿ, ನುಗ್ಗೆ, ಬೇಲಿಯಂಚಿನ ಹೆಸರಿಲ್ಲದ ಕುಡಿಗಳು, ಎಷ್ಟು ಬಗೆಯಾದರೆ ಅಷ್ಟು ಒಳ್ಳೆಯದು. ಬೆಳಗಿನ ಜಾವ ಅದನ್ನು ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಹೋಗಿ, ಭೂಮಿತಾಯಿಯನ್ನು ಉಣ್ಣಲು ಕರೆಯುತ್ತ ಬೀರುತ್ತಾರೆ.

ಮನೆಯ ಅಲಂಕಾರ ಮತ್ತು ಹಿತ್ತಲಿನ ಬೇಸಾಯ ಎರಡನ್ನೂ ಒಂದೇ ಬುಟ್ಟಿಯಲ್ಲಿಟ್ಟ ಇಂಥ ಹಬ್ಬವಿರುವ ಊರಿಗೆ ‘ಹೋಮ್ ಆಂಡ್ ಗಾರ್ಡನ್ ಕ್ಲಬ್’ ಎಂಬುದು ಹೊರಗಿನ ಸರಕೇನೂ ಅಲ್ಲ. ಆದರೆ ಒಂದು ಮಾತನ್ನು ಗಟ್ಟಿಯಾಗಿ ಹೇಳಲೇಬೇಕು. ಹಿತ್ತಲಿನಲ್ಲಿ ನಾಲ್ಕು ಬಗೆಯ ಸೊಪ್ಪು ಮಾತ್ರ ಉಳಿದರೆ ಹಚ್ಚಂಬಲಿಯೂ ನಾಲ್ಕೇ ಸೊಪ್ಪಿನದಾಗುತ್ತದೆ. ಚಿತ್ತಾರಕ್ಕೆ ಪ್ರದರ್ಶನ, ಪ್ರಶಸ್ತಿ, ಚೌಕಟ್ಟು ಎಲ್ಲ ಸಿಕ್ಕಿವೆ. ಬುಟ್ಟಿಯೊಳಗಿನ ಸೊಪ್ಪಿನ ಕಡೆ ಯಾರ ಗಮನವೂ ಹರಿದಿಲ್ಲ.

ಕೂಡಿ ಕಾಯುವ ರೂಢಿಗೆ ಇನ್ನೂ ಹಳೆಯ ಸಾಕ್ಷಿ ಸೊರಬದ ಕಾನುಗಳು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಇಬ್ಬರು ಅಧಿಕಾರಿಗಳು ಸೊರಬ ತಾಲ್ಲೂಕಿನ ಕಾನುಗಳ ಬಗ್ಗೆಯೇ ಒಂದು ವರದಿ ಬರೆದರು. ಅದರಲ್ಲಿ 171 ಕಾನುಗಳ ಲೆಕ್ಕವಿದೆ. ಒಟ್ಟು ವಿಸ್ತಾರ ಸುಮಾರು 13,000 ಹೆಕ್ಟೇರ್. ಹಳ್ಳಿಗರು ಆ ದಟ್ಟ ಹಸಿರಿನೊಳಗೆ ಕಾಳುಮೆಣಸಿನ ಬಳ್ಳಿ ಹಬ್ಬಿಸುತ್ತಿದ್ದರು, ಬಗನಿ ಮರದಿಂದ ಕಳ್ಳು ಇಳಿಸುತ್ತಿದ್ದರು, ಅದಕ್ಕೆ ಸರ್ಕಾರಕ್ಕೆ ಕಂದಾಯವನ್ನೂ ಕಟ್ಟುತ್ತಿದ್ದರು. ಕಾಡೂ ಹೌದು, ತೋಟವೂ ಹೌದು ಎನ್ನುವಂಥ ಜಾಗ. ಊರಿನ ಹಕ್ಕು ಸಡಿಲವಾದಂತೆ ಕಾನುಗಳೂ ಸೊರಗಿದವು. ಕಾನು ಕಾಯ್ದ ಊರುಗಳಿಗೆ ಹಿತ್ತಲು ಕಾಯುವುದು ದೊಡ್ಡ ಮಾತಲ್ಲ.

ಇಂದಿನ ಚಿತ್ರ ಬೇರೆಯೇ ಇದೆ. ಅಡಿಕೆ ತೋಟ ಗದ್ದೆಗಿಳಿದಿದೆ, ಶುಂಠಿ ಗುಡ್ಡ ಹತ್ತಿದೆ, ಶಿಕಾರಿಪುರದ ಕಡೆ ಮೆಕ್ಕೆಜೋಳ ಕಣ್ಣು ಹಾಯುವಷ್ಟು ದೂರ ಹಬ್ಬಿದೆ. ಆರ್‌ಸಿಸಿ ಮನೆ ಕಟ್ಟಿದ ಕಡೆ ಅಂಗಳಕ್ಕೆ ಸಿಮೆಂಟ್ ಬಿದ್ದಿದೆ, ಹಿತ್ತಲು ವಾಹನ ನಿಲ್ಲಿಸುವ ಜಾಗವಾಗಿದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ ದೊಡ್ಡವರೊಬ್ಬರಿಗೆ ದಿನಕ್ಕೆ ಸುಮಾರು 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಬೇಕು. ನಾಲ್ಕು ಜನರ ಮನೆಗೆ ದಿನಕ್ಕೆ ಒಂದೂವರೆ ಕೆ.ಜಿ.ಗಿಂತ ಹೆಚ್ಚು ತರಕಾರಿಯಾಯಿತು. ಕೂಲಿ ಮಾಡುವ ಮನೆ ಇಷ್ಟನ್ನು ಸಂತೆಯಿಂದ ಕೊಂಡು ತರುವುದು ಸಾಧ್ಯವೇ? ಹರಿವೆ ಬೀಜ ಚೆಲ್ಲಿದ ಒಂದು ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ. ಬಸಳೆಗೆ ಬೀಜವೂ ಬೇಡ, ಒಂದು ಗೇಣು ಕಾಂಡ ಸಾಕು. ಬಚ್ಚಲ ನೀರು ಹರಿಯುವ ಕಡೆ ಊರಿದರೆ ಚಪ್ಪರ ತುಂಬುತ್ತದೆ.

ಕೂಟ ಕಟ್ಟುವ ಮಾತು ಬಂದಾಗಲೆಲ್ಲ ಕೆಲವರ ಕಣ್ಣಮುಂದೆ ಬರುವುದು ಪುಷ್ಪ ಪ್ರದರ್ಶನ. ಅದಕ್ಕೂ ಅದರದೇ ಗೌರವದ ಇತಿಹಾಸವಿದೆ. ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಊರಿನಲ್ಲಿ 1891ರಲ್ಲಿ ಕೆಲವು ಮಹಿಳೆಯರು ಸೇರಿ ತೋಟದ ಕ್ಲಬ್ ಕಟ್ಟಿದರು. ಆ ದೇಶದ ಮೊದಲ ಕ್ಲಬ್ ಅದೇ ಎನ್ನುತ್ತಾರೆ. ನಮ್ಮಲ್ಲಿ ಜರ್ಮನಿಯಿಂದ ಬಂದ ಉದ್ಯಾನ ತಜ್ಞ ಕ್ರುಂಬಿಗಲ್ ಅವರ ಕಾಲದಲ್ಲಿ, 1912ರಲ್ಲಿ, ಮೈಸೂರು ಉದ್ಯಾನಕಲಾ ಸಂಘ ಹುಟ್ಟಿತು. ಲಾಲ್‌ಬಾಗಿನ ಗಾಜಿನ ಮನೆಯ ಫಲಪುಷ್ಪ ಪ್ರದರ್ಶನಗಳೊಂದಿಗೆ ಅದರ ಹೆಸರು ಇವತ್ತಿಗೂ ಬೆಸೆದುಕೊಂಡಿದೆ. ಬೆಂಗಳೂರಿನಲ್ಲಿ ತಾರಸಿ ಕೃಷಿಗೆ ಹಾದಿ ಹಾಕಿದ ಡಾ. ಬಿ.ಎನ್. ವಿಶ್ವನಾಥ್ ಮತ್ತು ಸಂಗಡಿಗರು 2011ರಿಂದ ‘ಊಟ ಫ್ರಮ್ ಯುವರ್ ತೋಟ’ ಎಂಬ ಸಂತೆ ನಡೆಸಿದ್ದಾರೆ. ಮಣ್ಣೇ ಸಿಗದ ಊರಿನಲ್ಲಿ ಅದು ಅಗತ್ಯದ ಕೆಲಸ. ಮಣ್ಣು, ಮಳೆ, ಸಗಣಿ, ತರಗೆಲೆ ನಾಲ್ಕೂ ಇರುವ ಸೊರಬದಲ್ಲಿ ಕುಂಡ, ಕೋಕೋಪೀಟ್ ಕೊಳ್ಳುವುದರಿಂದ ಕೂಟ ಶುರುವಾದರೆ ಅದು ಉಳ್ಳವರ ಕೂಟವಾಗಿ ಬೇಗ ಬಾಡುತ್ತದೆ. ಸ್ಪರ್ಧೆಯೂ ಮೊದಲ ವರ್ಷ ಬೇಡ. ಬಹುಮಾನವಿದ್ದ ಕಡೆ ಒಳ್ಳೆಯ ಬೀಜ ಅಡಗುತ್ತದೆ.

ಹೂವು ಬೇಡವೆಂದಲ್ಲ. ಮಲೆನಾಡಿನ ಹೆಂಗಸರ ನಡುವೆ ಡೇರೆ ಹೂವಿನ ಗಡ್ಡೆಯ ಕೊಡುಕೊಳೆ ನಡೆದಷ್ಟು ಹುರುಪಿನಿಂದ ಬೇರೆ ಯಾವುದೂ ನಡೆಯುವುದಿಲ್ಲ. ನೆಂಟರ ಮನೆಯಲ್ಲಿ ಕಡುಕೆಂಪಿನ ಡೇರೆ ಕಂಡರೆ ಹೊರಡುವಾಗ ಕೈಚೀಲದಲ್ಲಿ ಅದರ ಗಡ್ಡೆಯೋ ಕುಡಿಯೋ ಇರಲೇಬೇಕು. ಕೂಟದ ಮೊದಲ ಸಭೆಗೆ ಹತ್ತು ಜನ ಬರುವಂತೆ ಮಾಡುವುದು ಬಹುಶಃ ಡೇರೆಯೇ. ಬಂದವರು ಬದನೆ ಬೀಜದ ಮಾತಿಗೆ ತಾವಾಗಿ ತಿರುಗುತ್ತಾರೆ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಮಂಗಗಳದ್ದು. ಕೈತೋಟ ಏಕೆ ಬಿಟ್ಟಿರಿ ಎಂದು ಈ ಸೀಮೆಯಲ್ಲಿ ಯಾರನ್ನು ಕೇಳಿದರೂ ಮೊದಲು ಬರುವ ಉತ್ತರ ಇದು. ಹಿಂಡು ಒಂದು ಬೆಳಿಗ್ಗೆ ಬಂದು ಹೋದರೆ ಎರಡು ತಿಂಗಳ ಆರೈಕೆ ಮಣ್ಣುಪಾಲು. ಇದಕ್ಕೆ ಕೂಟವೊಂದು ಪೂರ್ತಿ ಪರಿಹಾರ ಕೊಡುತ್ತದೆಂದು ನಂಬಿಸುವುದು ತಪ್ಪು. ಆದರೆ ಒಂಟಿ ಮನೆಗಿಲ್ಲದ ಉಪಾಯ ಕೂಟಕ್ಕಿದೆ. ಬಾಯಿ ತುರಿಸುವ ಕೆಸು, ಸುವರ್ಣಗಡ್ಡೆಗಳಿಗೆ ಮಂಗಗಳು ಸಾಮಾನ್ಯವಾಗಿ ಕೈ ಹಾಕುವುದಿಲ್ಲ. ಅರಿಸಿನ, ಹಸಿಮೆಣಸಿಗೂ ಅಷ್ಟಾಗಿ ಬರುವುದಿಲ್ಲ. ಕಾಡಂಚಿನ ಮನೆಗಳು ಇವನ್ನು ಬೆಳೆದು, ಊರ ನಡುವಿನ, ಜನ ಓಡಾಡುವ ಮನೆಗಳು ಹೀರೆ, ಸೌತೆ, ಬೆಂಡೆ ಬೆಳೆದರೆ ಕೊಟ್ಟು ತೆಗೆದುಕೊಳ್ಳಬಹುದು. ಸರದಿಯ ಮೇಲೆ ಕಾವಲಿದ್ದರೆ ಇನ್ನೂ ಒಳ್ಳೆಯದು.

ನಡೆಸುವ ಬಗೆ ಸರಳವಾಗಿರಲಿ. ಹತ್ತರಿಂದ ಹದಿನೈದು ಮನೆ, ತಿಂಗಳಿಗೊಮ್ಮೆ ಒಬ್ಬರ ಹಿತ್ತಲಲ್ಲಿ ಸಭೆ, ಒಂದು ನೋಟ್‌ಬುಕ್. ಅದರಲ್ಲಿ ತಳಿಯ ಹೆಸರು, ಯಾರ ಮನೆಯಿಂದ ಬಂತು, ಯಾವಾಗ ಊರಿದ್ದು, ರುಚಿ ಹೇಗಿತ್ತು ಎಂಬ ವಿವರ. ಸಮುದಾಯ ಬೀಜ ಬ್ಯಾಂಕುಗಳಲ್ಲಿ ರೂಢಿಯಲ್ಲಿರುವ ನಿಯಮ ಇಲ್ಲೂ ಚೆನ್ನಾಗಿ ಒಪ್ಪುತ್ತದೆ: ಒಂದು ಹಿಡಿ ಒಯ್ದವರು ಬೆಳೆದ ಮೇಲೆ ಎರಡು ಹಿಡಿ ತಂದುಕೊಡಬೇಕು. ಬೀಜವನ್ನು ಬೂದಿಯಲ್ಲಿ ಹೊರಳಿಸಿ ಒಣಗಿಸುವುದು, ಸೌತೆ ಬೀಜವನ್ನು ಸಗಣಿಯೊಡನೆ ಗೋಡೆಗೆ ಮೆತ್ತುವುದು, ಒಲೆಯ ಮೇಲಿನ ಹೊಗೆಗೆ ತೂಗುಹಾಕುವುದು ಗೊತ್ತಿರುವ ಅಜ್ಜಿಯರು ಇನ್ನೂ ಊರಿಗೆ ನಾಲ್ವರಾದರೂ ಇದ್ದಾರೆ. ಗ್ಯಾಸ್ ಒಲೆ ಬಂದ ಮೇಲೆ ಹೊಗೆಯಿಲ್ಲ, ಸಿಮೆಂಟ್ ಗೋಡೆಗೆ ಸಗಣಿ ಮೆತ್ತುವ ಹಾಗಿಲ್ಲ. ಗಾಳಿಯಾಡದ ಡಬ್ಬಿ, ಬೂದಿ, ಒಣಬೇವಿನ ಸೊಪ್ಪಿನಿಂದ ಆ ಕೆಲಸ ಹೇಗೆ ಸಾಗೀತೆಂದು ಅಜ್ಜಿಯರೂ ಸೊಸೆಯಂದಿರೂ ಕೂತು ಹೊಂದಿಸಿಕೊಳ್ಳಬೇಕು.

ಸ್ತ್ರೀಶಕ್ತಿ ಸಂಘಗಳು 2000ದಿಂದಲೂ ಊರೂರಿನಲ್ಲಿವೆ, ಹೊಸ ಕೂಟವೇಕೆ ಎಂಬ ಪ್ರಶ್ನೆ ಬರಬಹುದು. ಸಂಘದ ಸಭೆಗೆ ಬಂದು ರೂಢಿಯಾದ ಹೆಂಗಸರೇ ಇಲ್ಲಿಗೂ ಬರಲಿ. ಆದರೆ ಸಾಲ, ಕಂತು, ಬಡ್ಡಿಯ ಲೆಕ್ಕ ಬಿಚ್ಚಿದ ಕಡೆ ಬೇರೆ ಮಾತಿಗೆ ಹೊತ್ತು ಉಳಿಯುವುದಿಲ್ಲ. ಹಾಗಾಗಿ ಕೈತೋಟದ ಕೂಟದಲ್ಲಿ ಹಣದ ಪುಸ್ತಕವೇ ಇರಬಾರದು.

ಎರಡು ತಾಲ್ಲೂಕುಗಳಿಗೆ ಒಂದೇ ಪಟ್ಟಿ ಸಾಲದು ಎಂಬುದನ್ನೂ ಮೊದಲೇ ತಿಳಿದಿರಬೇಕು. ಚಂದ್ರಗುತ್ತಿಯ ಕಡೆಯ ಮಳೆಯೇ ಬೇರೆ, ಶಿಕಾರಿಪುರದ ಮೂಡಲಿನ ಬಯಲ ಬಿಸಿಲೇ ಬೇರೆ. ಜೂನ್, ಜುಲೈನ ಜಡಿಮಳೆಯಲ್ಲಿ ಸೊರಬದ ಪಡುವಲ ಹಳ್ಳಿಗಳಲ್ಲಿ ಬದನೆ ಸಸಿ ಕೊಳೆಯುವ ಹೊತ್ತಿಗೆ ಉಡುತಡಿ, ಬಳ್ಳಿಗಾವಿಯ ಕಡೆ ಅದೇ ಸಸಿ ಚೆನ್ನಾಗಿ ಬೇರು ಬಿಟ್ಟಿರಬಹುದು. ಒಂದು ಕಡೆ ಕೆಟ್ಟ ತಳಿ ಇನ್ನೊಂದು ಕಡೆ ಉಳಿದಿರುತ್ತದೆ. ಎರಡೂ ಕಡೆಯವರು ವರ್ಷಕ್ಕೆ ಎರಡು ಸಲ ನಡುವಿನ ಶಿರಾಳಕೊಪ್ಪದಲ್ಲಿ ಸೇರಿ ಬೀಜ ಬದಲಾಯಿಸಿಕೊಂಡರೆ ಅದಕ್ಕಿಂತ ಗಟ್ಟಿಯಾದ ವಿಮೆ ಮತ್ತೊಂದಿಲ್ಲ. ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಇದೇ ಜಿಲ್ಲೆಯಲ್ಲಿದೆ. ರೋಗ, ಕೀಟದ ಮಾತಿಗೆ ಅಲ್ಲಿನ ತಜ್ಞರನ್ನು ಕರೆಯಬಹುದು.

ಕೊನೆಯದಾಗಿ, ಹಿತ್ತಲೇ ಇಲ್ಲದವರ ಮಾತು. ಜನತಾ ಮನೆಗಳಲ್ಲಿ, ಶಿಕಾರಿಪುರದ ತಾಂಡಾಗಳಲ್ಲಿ, ಪೇಟೆಯ ಬಾಡಿಗೆ ಮನೆಗಳಲ್ಲಿ ಇರುವವರಿಗೆ ಬೀಜ ಕೊಟ್ಟರೆ ಎಲ್ಲಿ ಊರಬೇಕು? ಜಾಗವಿದ್ದವರಷ್ಟೇ ಸೇರಿದರೆ ಆ ಕೂಟ ಜಾತಿ, ಜಮೀನಿನ ಹಳೆಯ ಗೆರೆಗಳನ್ನೇ ಮತ್ತೆ ಎಳೆಯುತ್ತದೆ. ಬ್ರಿಟನ್ನಿನಲ್ಲಿ 1908ರ ಕಾಯ್ದೆ ತರಕಾರಿ ತುಂಡುಭೂಮಿ ಬೇಕೆಂದು ಕೇಳಿದ ದುಡಿಯುವ ಜನರಿಗೆ ಅದನ್ನು ಒದಗಿಸುವ ಹೊಣೆಯನ್ನು ಸ್ಥಳೀಯ ಆಡಳಿತಕ್ಕೆ ವಹಿಸಿತು. ಅಲ್ಲಿ ಒಂದು ತುಂಡಿನ ವಾಡಿಕೆಯ ಅಳತೆ ಸುಮಾರು 250 ಚದರ ಮೀಟರ್; ಗುಂಟೆಯ ಲೆಕ್ಕದಲ್ಲಿ ಎರಡೂವರೆ. ಇಲ್ಲಿ ಅಷ್ಟೂ ಬೇಡ. ಅಂಗನವಾಡಿಯ ಹಿಂದಿನ ಜಾಗ, ಶಾಲೆಯ ಬೇಲಿಯೊಳಗಿನ ಖಾಲಿ ಅಂಚು, ನೀರಿನ ಟ್ಯಾಂಕಿನ ಸುತ್ತ ಸದಾ ತೇವವಿರುವ ನೆಲ ಪ್ರತಿ ಪಂಚಾಯಿತಿಯಲ್ಲೂ ಇವೆ. ಗ್ರಾಮ ಪಂಚಾಯಿತಿ ಒಂದು ನಿರ್ಣಯ ಬರೆದು, ಮನೆಗೆ ಅರ್ಧ ಗುಂಟೆಯಂತೆ ಹಿತ್ತಲಿಲ್ಲದವರಿಗೆ ಬೆಳೆಯಲು ಬಿಟ್ಟುಕೊಡಬೇಕು, ಸುತ್ತ ಬೇಲಿ ಹಾಕಿಸಬೇಕು, ಒಂದು ನಲ್ಲಿ ಕೊಡಬೇಕು. ಮುಂದಿನ ಗ್ರಾಮಸಭೆಯಲ್ಲಿ ಈ ಮೂರನ್ನು ಬರಹದಲ್ಲಿ ಕೇಳುವುದರಿಂದಲೇ ಕೂಟದ ಕೆಲಸ ಆರಂಭವಾಗಲಿ. ಮಳೆ ಹಿಡಿಯುವ ಮೊದಲು ಮಣ್ಣು ಹದ ಮಾಡಿಕೊಳ್ಳಲು ಹಿತ್ತಲಿಲ್ಲದವರಿಗೂ ಒಂದು ತಿಂಗಳು ಸಿಗಬೇಕು.