ಕೂಲಿಗೆ ಆಡಿದವರ ಮಾನ

ದುಡಿದು ಕೂಲಿ ಕೇಳುವವನು ಕೀಳು, ಕೂಲಿಯ ಹಂಗಿಲ್ಲದವನು ಕುಲೀನ ಎಂಬ ನ್ಯಾಯ ಗಿರಣಿಯ ಧಣಿಗಳದು ಮಾತ್ರವಲ್ಲ. ಸಭ್ಯರ ಆಟವೆಂದು ಹೊಗಳಿಸಿಕೊಂಡ ಕ್ರಿಕೆಟ್ಟಿನ ಅಂಗಳದಲ್ಲಿಯೂ ಅದು ಬಹುಕಾಲ ಮೆರೆಯಿತು. ಸಾಕ್ಷಿ ಬೇಕಾದವರು ಇಂಗ್ಲೆಂಡಿನ ದಾಂಡಿಗ ಜಾಕ್ ಹಾಬ್ಸ್ ಅವರ ಬಾಳನ್ನು ನೋಡಬೇಕು.

1882ರಲ್ಲಿ ಕೇಂಬ್ರಿಜ್ಜಿನಲ್ಲಿ ಹುಟ್ಟಿದ ಹಾಬ್ಸ್, ಹನ್ನೆರಡು ಮಕ್ಕಳ ಬಡ ಸಂಸಾರದ ಹಿರಿಯ ಮಗ. ತಂದೆ ಕಾಲೇಜೊಂದರ ಆಟದ ಬಯಲನ್ನು ನೋಡಿಕೊಳ್ಳುವ ಕೆಲಸದವರು. 1905ರಲ್ಲಿ ಸರ್ರೆ ತಂಡದಲ್ಲಿ ಸಂಬಳದ ಆಟಗಾರರಾಗಿ ಕಣಕ್ಕಿಳಿದು 1934ರವರೆಗೆ ಆಡಿದರು. 61 ಟೆಸ್ಟ್ ಪಂದ್ಯಗಳಲ್ಲಿ 5,410 ಓಟ. ಪ್ರಥಮ ದರ್ಜೆಯ ಆಟದಲ್ಲಿ 61,000ಕ್ಕೂ ಮಿಕ್ಕಿ ಓಟ, 190ಕ್ಕೂ ಹೆಚ್ಚು ಶತಕ. ಶತಕಗಳಲ್ಲಿ ಅರ್ಧದಷ್ಟು ನಲವತ್ತು ದಾಟಿದ ಮೇಲೆ ಹೊಡೆದವು. ಪ್ರಥಮ ದರ್ಜೆಯ ಆ ದಾಖಲೆಯನ್ನು ಇಂದಿಗೂ ಯಾರೂ ಮೀರಿಲ್ಲ.

ಇಂಥವರಿಗೆ ಸಿಕ್ಕ ಮರ್ಯಾದೆಯೇನು? ಹಣಕ್ಕಾಗಿ ಆಡದ ಹವ್ಯಾಸಿಗಳು 'ಜಂಟಲ್‌ಮನ್'ಗಳು. ಕೂಲಿಯವರು ಬರಿಯ 'ಆಟಗಾರರು'. ಉಡುಪು ಬದಲಿಸುವ ಕೋಣೆ ಬೇರೆ, ಬಯಲಿಗಿಳಿಯುವ ಬಾಗಿಲೂ ಬೇರೆ. 1926ರಲ್ಲಿ ಮ್ಯಾಂಚೆಸ್ಟರಿನ ಟೆಸ್ಟಿನ ನಡುವೆ ನಾಯಕ ಕಾಯಿಲೆ ಬಿದ್ದಾಗ ತಂಡವನ್ನು ನಡೆಸಲು ಹಾಬ್ಸ್ ಬೇಕಾದರು. ಮುಂದಿನ ಪಂದ್ಯಕ್ಕೆ ಮತ್ತೆ ಹವ್ಯಾಸಿಯೇ ನಾಯಕ!

ನಮ್ಮ ದೇಶದ ರೀತಿಯೂ ಬೇರೆಯಾಗಿರಲಿಲ್ಲ. 1930ರಲ್ಲಿ ಹಾಬ್ಸರನ್ನು ಕರೆಸಿ ತಮ್ಮ ತಂಡದಲ್ಲಿ ಆಡಿಸಿದ ವಿಜಯನಗರಂನ ಮಹಾರಾಜಕುಮಾರರು 1936ರಲ್ಲಿ ಭಾರತ ತಂಡದ ನಾಯಕರಾದರು. ಮೂರು ಟೆಸ್ಟುಗಳಲ್ಲಿ ಅವರು ಗಳಿಸಿದ್ದು 33 ಓಟ. ಆ ಪ್ರವಾಸದಲ್ಲೇ 'ಸರ್' ಪದವಿ ದೊರೆಯಿತು. ಹಾಬ್ಸರಿಗೆ ಅದೇ ಪದವಿ ಬಂದದ್ದು 1953ರಲ್ಲಿ, ಎಪ್ಪತ್ತರ ಮುಪ್ಪಿನಲ್ಲಿ. ಓಟ ಬೆವರಿನದು, ಪದವಿ ಮನೆತನದ್ದು!

ಸಂಬಳದ ಆಟಗಾರನಿಗೆ ಮುಪ್ಪಿನ ಚಿಂತೆ ತಪ್ಪಿದ್ದಲ್ಲ. ಹಾಬ್ಸರ ಸಹಾಯಾರ್ಥ 1914ರಲ್ಲಿ ಏರ್ಪಟ್ಟ ಪಂದ್ಯ ಮಹಾಯುದ್ಧದ ಗದ್ದಲದಲ್ಲಿ ಕೈಕೊಟ್ಟಿತು. 1919ರಲ್ಲಿ ಇನ್ನೊಂದು ಪಂದ್ಯ ನಡೆಯಿತು. ಆ ವರ್ಷವೇ ಅವರು ಲಂಡನ್ನಿನ ಫ್ಲೀಟ್ ಬೀದಿಯಲ್ಲಿ ಆಟದ ಸಾಮಾನಿನ ಅಂಗಡಿ ತೆರೆದರು. ಜಗತ್ತೇ ಕೊಂಡಾಡಿದ ದಾಂಡಿಗನ ಸಂಸಾರಕ್ಕೂ ಅಂಗಡಿಯ ಗಲ್ಲಾಪೆಟ್ಟಿಗೆಯೇ ಆಸರೆಯಾಯಿತೆಂಬುದು ನಮ್ಮ ಸಣ್ಣ ವ್ಯಾಪಾರಿಗಳಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ.

ಹಾಬ್ಸ್ ಸೌಮ್ಯ ಸ್ವಭಾವದವರು, ಚಳವಳಿಗಾರರಲ್ಲ. ಆದರೆ ಅವರನ್ನು ಸರ್ರೆಗೆ ಶಿಫಾರಸು ಮಾಡಿದ ಟಾಮ್ ಹೇವರ್ಡ್, 1896ರಲ್ಲಿ ಓವಲ್ ಟೆಸ್ಟಿಗೆ 10 ಪೌಂಡಿನ ಬದಲು 20 ಪೌಂಡು ಕೊಡಿರೆಂದು ಕೇಳಿದ ಐವರಲ್ಲಿ ಒಬ್ಬರು. ಧಣಿಗಳು ಒಪ್ಪಲಿಲ್ಲ. ಮೂವರು ಹಿಂದೆಗೆದರು, ಇಬ್ಬರು ಆಡದೆ ಉಳಿದರು. ಅಂದು ಸೋತಂತೆ ಕಂಡಿತು. ಆದರೆ ಕೆಲವೇ ವರ್ಷಗಳಲ್ಲಿ 20 ಪೌಂಡೇ ವಾಡಿಕೆಯ ದರವಾಯಿತು. ಹವ್ಯಾಸಿಯೆಂಬ ಹೆಸರು ಹೊತ್ತ ಡಾ. ಗ್ರೇಸ್‌ಗೆ ಅದರ ಹಿಂದಿನ ವರ್ಷವೇ ಸುಮಾರು 9,000 ಪೌಂಡಿನ ನಿಧಿ ಅರ್ಪಿತವಾಗಿತ್ತು. ಉಳ್ಳವರು ಪಡೆದರೆ ಕಾಣಿಕೆ, ದುಡಿಯುವವರು ಕೇಳಿದರೆ ದುರಾಸೆ!

1962ರಲ್ಲಿ ಈ ಭೇದ ರದ್ದಾಯಿತು. ಅದನ್ನು ಕಣ್ಣಾರೆ ಕಂಡು, 1963ರ ಡಿಸೆಂಬರಿನಲ್ಲಿ ಹಾಬ್ಸ್ ತೀರಿಕೊಂಡರು.

ಗೆಳೆಯರೆ, ಕೂಲಿ ಪಡೆಯುವುದು ಅವಮಾನವಲ್ಲ. ದುಡಿಸಿಕೊಂಡವನನ್ನು ಬೇರೆ ಬಾಗಿಲಿನಿಂದ ಕಳಿಸುವುದು ಅವಮಾನ. ಐವರು ಕೇಳಿದಾಗ ಮೂವರು ಹಿಂದೆಗೆಯದಂತೆ ನೋಡಿಕೊಳ್ಳುವುದೇ ಸಂಘದ ಕೆಲಸ.